ಮರಳು ನೆಲದ ಕಂಬಳಿ ಹೂವು

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಹಿತ್ತಿಲು ಎಂಬುದು ಬಹುಮಟ್ಟಿಗೆ ನೆನಪಿನ ಮಾತಾಗಿದೆ. ಮುಂಬಯಿಯ ಬಾಲ್ಕನಿ, ಪುಣೆಯ ಗಚ್ಚು, ಚೆನ್ನೈ ಹೈದರಾಬಾದುಗಳ ಮಹಡಿ, ದೆಹಲಿಯ ವಸತಿಗೃಹದ ಮುಂದಿನ ನಾಲ್ಕು ಮೊಳದ ಜಾಗ - ಇವೇ ಈಗಿನ ಹಿತ್ತಿಲುಗಳು. ಆದರೆ ದೇವರ ಮುಂದಿಡಲು ಮನೆಯಲ್ಲೇ ಅರಳಿದ ನಾಲ್ಕು ಹೂವು ಬೇಕೆಂಬ ಹಂಬಲ ಮಾತ್ರ ಊರು ಬಿಟ್ಟರೂ ಬಿಡುವಂಥದಲ್ಲ. ಆ ಹಂಬಲದಿಂದ ಗಿಡ ತರುವವರು ಅದಕ್ಕೆ ದಿನಕ್ಕೆರಡು ಬಾರಿ ನೀರೆರೆಯುತ್ತಾರೆ, ವಾರಕ್ಕೊಮ್ಮೆ ಗೊಬ್ಬರ ಹಾಕುತ್ತಾರೆ. ಇಷ್ಟಾದರೂ ಗಿಡ ಹಳದಿಗಟ್ಟಿ ಬುಡ ಕೊಳೆತು ಬೀಳುತ್ತದೆ. ಗಿಡಗಳು ಅಲಕ್ಷ್ಯದಿಂದ ಸಾಯುವಂತೆ ಅತಿ ಉಪಚಾರದಿಂದಲೂ ಸಾಯುತ್ತವೆ ಎಂಬುದು ತೋಟಗಾರಿಕೆಯ ಮೊದಲ ಪಾಠ. ಈ ಪಾಠವನ್ನು ಚೆನ್ನಾಗಿ ಕಲಿಸಬಲ್ಲ ಗಿಡವೊಂದಿದೆ. ಅದೇ ಗೈಲಾರ್ಡಿಯ.

ಹೆಸರು ಹೊಸದೆನಿಸಿದರೂ ಹೂವು ಹೊಸದಲ್ಲ. ಕೆಂಪು, ಹಳದಿ, ಕಿತ್ತಳೆ ಬಣ್ಣಗಳು ಬೆರೆತ ಈ ಹೂವು ಮಹಾರಾಷ್ಟ್ರದ ಹೂಮಾರುಕಟ್ಟೆಗಳಲ್ಲಿ ಚೆಂಡುಹೂವು, ಸೇವಂತಿಗೆಗಳ ಮಗ್ಗುಲಲ್ಲಿ ಗಲಾಂಡಾ ಎಂಬ ಹೆಸರಿನಿಂದ ರಾಶಿಬಿದ್ದಿರುತ್ತದೆ. ಹಬ್ಬದ ದಿನಗಳಲ್ಲಿ ಮಾಲೆಗಳಲ್ಲಿ ಸೇರಿ ಬಾಗಿಲಿಗೂ ವಾಹನಗಳಿಗೂ ಏರುತ್ತದೆ. ಆದರೆ ಇದು ಭಾರತದ ಮೂಲದ್ದಲ್ಲ. ಉತ್ತರ ಅಮೆರಿಕದ ಪ್ರೇರಿ ಎಂಬ ಹುಲ್ಲುಬಯಲಿನ ಕಾಡುಹೂವು. ಇದರ ಸ್ವಭಾವವನ್ನು ಅರಿಯಬೇಕಾದರೆ ಇದರ ತವರನ್ನು ಅರಿಯಬೇಕು.

ಹೆಸರಿನ ಹಿನ್ನೆಲೆ

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಗೈಲಾರ್ ದ ಶಾರಾಂತೊನೊ ಎಂಬ ನ್ಯಾಯಾಧಿಕಾರಿ ಸಸ್ಯಶಾಸ್ತ್ರದ ಪೋಷಕನಾಗಿದ್ದನು. ಆತನ ಗೌರವಾರ್ಥ ಈ ಕುಲಕ್ಕೆ ಗೈಲಾರ್ಡಿಯ ಎಂದು ಹೆಸರಿಡಲಾಯಿತು. ಇದರಲ್ಲಿ ಎರಡು ಜಾತಿಗಳು ಮುಖ್ಯವಾದವು. ಮೊದಲನೆಯದು ಗೈಲಾರ್ಡಿಯ ಪಲ್ಚೆಲ್ಲ. ಪಲ್ಚೆಲ್ಲ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಮುದ್ದಾದದ್ದು ಎಂದರ್ಥ. ಇದು ಒಂದೇ ವರ್ಷ ಬಾಳುವ ಗಿಡ. ಟೆಕ್ಸಾಸ್, ಓಕ್ಲಹೋಮ, ಕಾನ್ಸಾಸ್ ಮುಂತಾದ ರಾಜ್ಯಗಳೂ ಮೆಕ್ಸಿಕೊದ ಉತ್ತರ ಭಾಗವೂ ಇದರ ತವರು. ಓಕ್ಲಹೋಮ ರಾಜ್ಯವು 1986ರಲ್ಲಿ ಇದನ್ನು ತನ್ನ ರಾಜ್ಯದ ಕಾಡುಹೂವೆಂದು ಘೋಷಿಸಿತು. ಎರಡನೆಯದು ಗೈಲಾರ್ಡಿಯ ಅರಿಸ್ಟೇಟ. ಇದು ಹಲವು ವರ್ಷ ಬಾಳುವ, ಉತ್ತರದ ಚಳಿ ಬಯಲುಗಳ ಗಿಡ. ಅಮೆರಿಕ ಖಂಡವನ್ನು ದಾಟಿದ ಪ್ರಸಿದ್ಧ ಅನ್ವೇಷಕ ಮೆರಿವೆದರ್ ಲೂಯಿಸ್ 1806ರ ಜುಲೈ 7ರಂದು ರಾಕಿ ಪರ್ವತಗಳ ಒಣ ಗುಡ್ಡಗಳಲ್ಲಿ ಇದರ ಮಾದರಿಯನ್ನು ಸಂಗ್ರಹಿಸಿದನು. ಈ ಎರಡರ ಬೆರಕೆಯಿಂದ ಹುಟ್ಟಿದ ಗ್ರ್ಯಾಂಡಿಫ್ಲೋರ ಎಂಬ ಮಿಶ್ರತಳಿಯೇ ಇಂದು ಜಗತ್ತಿನ ಅನೇಕ ತೋಟಗಳಲ್ಲಿ ಕಾಣುವ ಗೈಲಾರ್ಡಿಯ.

ಇಂಗ್ಲಿಷಿನಲ್ಲಿ ಇದಕ್ಕೆ ಇಂಡಿಯನ್ ಬ್ಲ್ಯಾಂಕೆಟ್, ಅಂದರೆ ಇಂಡಿಯನರ ಕಂಬಳಿ ಎಂಬ ಹೆಸರೂ ಇದೆ. ಇಲ್ಲಿ ಇಂಡಿಯನ್ ಎಂದರೆ ಭಾರತೀಯನಲ್ಲ, ಅಮೆರಿಕದ ಮೂಲನಿವಾಸಿ. ಅವರು ನೇಯುವ ಕೆಂಪು ಹಳದಿ ಪಟ್ಟೆಯ ಕಂಬಳಿಯನ್ನು ನೆಲಕ್ಕೆ ಹಾಸಿದಂತೆ ಈ ಹೂವುಗಳ ಬಯಲು ಕಾಣುವುದರಿಂದ ಈ ಹೆಸರು ಬಂದಿತು.

ಒಂದು ಹೂವೆಂದು ನಾವು ಕರೆಯುವುದು ನಿಜವಾಗಿ ಒಂದು ಹೂವಲ್ಲ. ಸೂರ್ಯಕಾಂತಿ, ಸೇವಂತಿಗೆಗಳಂತೆ ಇದೂ ಹೂಗೊಂಚಲು. ನಡುವಿನ ದುಂಡು ಭಾಗದಲ್ಲಿ ನೂರಾರು ಕಿರುಹೂಗಳು ಒತ್ತಾಗಿ ಕುಳಿತಿರುತ್ತವೆ. ಬೀಜ ಕಟ್ಟುವವು ಅವೇ. ಸುತ್ತಲಿನ ಎಸಳುಗಳೆಂದು ಕಾಣುವವೂ ಕಿರುಹೂಗಳೇ, ಆದರೆ ಅವು ಬೀಜ ಕಟ್ಟುವುದಿಲ್ಲ. ಜೇನುನೊಣ, ಚಿಟ್ಟೆಗಳನ್ನು ಕರೆಯುವುದಷ್ಟೇ ಅವುಗಳ ಕೆಲಸ. ಪ್ರತಿ ಎಸಳಿನ ತುದಿಯಲ್ಲಿ ಮೂರು ಸೀಳುಗಳಿರುವುದು ಈ ಹೂವಿನ ಗುರುತು. ಅಮೆರಿಕದಲ್ಲಿ ಈ ಹೂವನ್ನೇ ನಂಬಿ ಬಾಳುವ ಒಂದು ಬಗೆಯ ಪುಟ್ಟ ಪತಂಗವಿದೆ. ಅದರ ರೆಕ್ಕೆಗಳ ಬಣ್ಣವೂ ಕೆಂಪು ಹಳದಿಯೇ ಆದುದರಿಂದ ಹೂವಿನ ಮೇಲೆ ಕುಳಿತರೆ ಅದು ಕಣ್ಣಿಗೆ ಬೀಳುವುದೇ ಇಲ್ಲ!

ತವರಿನ ಕಥೆ

ಪ್ರೇರಿ ಎಂಬುದು ಉತ್ತರ ಅಮೆರಿಕದ ನಡುಭಾಗದಲ್ಲಿ ಕೆನಡದಿಂದ ಟೆಕ್ಸಾಸಿನವರೆಗೆ ಹಬ್ಬಿದ್ದ ವಿಶಾಲವಾದ ಹುಲ್ಲುಬಯಲು. ಪೂರ್ವದಲ್ಲಿ ಮಳೆ ಸಾಕಷ್ಟು ಬೀಳುವುದರಿಂದ ಹುಲ್ಲು ಆಳೆತ್ತರ ಬೆಳೆಯುತ್ತಿತ್ತು. ಪಶ್ಚಿಮಕ್ಕೆ ಹೋದಂತೆ ಮಳೆ ಕಡಿಮೆಯಾಗಿ ಹುಲ್ಲು ಮೊಣಕಾಲಿಗೆ, ಮುಂದೆ ಪಾದಕ್ಕೆ ಇಳಿಯುತ್ತಿತ್ತು. ನೆಬ್ರಾಸ್ಕ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜಾನ್ ವೀವರ್ ಕಂದಕಗಳನ್ನು ತೋಡಿಸಿ ಅಲ್ಲಿನ ಗಿಡಗಳ ಬೇರುಗಳನ್ನು ಅಳೆದನು. ಕಣ್ಣಿಗೆ ಕಾಣುವ ಹುಲ್ಲಿಗಿಂತ ಕಾಣದ ಬೇರಿನ ರಾಜ್ಯವೇ ದೊಡ್ಡದೆಂದು ಆತ ತೋರಿಸಿಕೊಟ್ಟನು. ಅನೇಕ ಹುಲ್ಲುಗಳ ಬೇರು ಆರು ಅಡಿಗಳಿಗೂ ಮೀರಿ ಆಳಕ್ಕಿಳಿದಿತ್ತು. ಮಣ್ಣನ್ನು ಹಿಡಿದಿಟ್ಟಿದ್ದುದು ಈ ಬೇರುಗಳ ಜಾಲ. ಅದೇ ಆ ನೆಲದ ಮೂಲಧನ.

1837ರಲ್ಲಿ ಜಾನ್ ಡೀರ್ ತಯಾರಿಸಿದ ಉಕ್ಕಿನ ನೇಗಿಲು ಈ ಜಾಲವನ್ನು ಸೀಳಬಲ್ಲದಾಯಿತು. 1862ರ ಕಾನೂನಿನಂತೆ ಸಾಗುವಳಿಗಾರನಿಗೆ 160 ಎಕರೆ ಭೂಮಿ ದೊರೆಯತೊಡಗಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಯ ಬೆಲೆ ಏರಿತು. ಆಗಲೂ ಆಮೇಲೂ ಮಳೆ ಕಡಿಮೆಯಾದ ಪಶ್ಚಿಮದ ಬಯಲುಗಳನ್ನೂ ಟ್ರಾಕ್ಟರುಗಳು ಉತ್ತವು. 1930ರ ದಶಕದಲ್ಲಿ ಬರ ಬಂದಾಗ ಹಿಡಿದಿಡುವ ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನ ಮೋಡ ಹಗಲನ್ನೇ ಕತ್ತಲು ಮಾಡಿತೆಂದು ಆ ದಿನಕ್ಕೆ ಕಪ್ಪು ಭಾನುವಾರವೆಂಬ ಹೆಸರೇ ನಿಂತಿದೆ. ಧೂಳು ಮಕ್ಕಳ, ಮುದುಕರ ಶ್ವಾಸಕೋಶಗಳನ್ನು ಹೊಕ್ಕಿತು. ಲಕ್ಷಾಂತರ ಜನರು ಮನೆಮಠ ಬಿಟ್ಟು ಕ್ಯಾಲಿಫೋರ್ನಿಯ ಮುಂತಾದ ಕಡೆಗೆ ಗುಳೆ ಹೋದರು. ಅದೇ ತಿಂಗಳಿನಲ್ಲಿ ಅಮೆರಿಕದ ಶಾಸನಸಭೆ ಮಣ್ಣಿನ ಸಂರಕ್ಷಣೆಯ ಕಾನೂನನ್ನು ಅಂಗೀಕರಿಸಿತು. ಮೂಲಧನವನ್ನೇ ಲಾಭವೆಂದು ಬಗೆದು ಖರ್ಚುಮಾಡಿದವರಿಗೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಇಂದು ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ. ಈ ನಷ್ಟದ ಅರಿವಿನಿಂದ ಸ್ಥಳೀಯ ಗಿಡಗಳನ್ನು ಮತ್ತೆ ಬೆಳೆಸುವ ಪ್ರಯತ್ನಗಳು ನಡೆದಿವೆ. ಟೆಕ್ಸಾಸಿನ ಹೆದ್ದಾರಿ ಇಲಾಖೆಯು 1930ರ ದಶಕದಿಂದಲೇ, ಕಾಡುಹೂಗಳು ಬೀಜ ಉದುರಿಸುವವರೆಗೆ ರಸ್ತೆಯಂಚಿನ ಹುಲ್ಲನ್ನು ಕತ್ತರಿಸದಿರುವ ಪದ್ಧತಿಯನ್ನು ಇರಿಸಿಕೊಂಡಿದೆ. ಅಧ್ಯಕ್ಷ ಲಿಂಡನ್ ಜಾನ್ಸನ್‌ರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಅವರು 1965ರ ಹೆದ್ದಾರಿ ಸೌಂದರ್ಯ ಕಾನೂನಿಗೆ ಪ್ರೇರಕರಾದರು. 1982ರಲ್ಲಿ ಆಸ್ಟಿನ್ ನಗರದಲ್ಲಿ ಕಾಡುಹೂಗಳ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದರು. ಟೆಕ್ಸಾಸಿನ ಮನೆತೋಟದವರು ಇಂದಿಗೂ ಗೈಲಾರ್ಡಿಯದ ಬೀಜವನ್ನು ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಬಿತ್ತುತ್ತಾರೆ. ಚಳಿಗಾಲದಲ್ಲಿ ಎಲೆಗಳು ನೆಲಕ್ಕಂಟಿ ಚಕ್ರದಂತೆ ಹರಡುತ್ತವೆ. ಆಗ ಮೇಲೆ ಬೆಳವಣಿಗೆ ಕಾಣದು, ಬೇರು ಮಾತ್ರ ಕೆಳಗಿಳಿಯುತ್ತಿರುತ್ತದೆ. ವಸಂತದಲ್ಲಿ ಗಿಡ ಎದ್ದು ಬೇಸಗೆಯವರೆಗೆ ಹೂ ಬಿಡುತ್ತದೆ.

ಮರಳು ಮಣ್ಣೇ ಏಕೆ?

ಮಣ್ಣಿನ ಕಣಗಳಲ್ಲಿ ಮರಳಿನದು ದೊಡ್ಡದು. ಎರಡು ಮಿಲಿಮೀಟರಿನಿಂದ ಅದರ ನಲವತ್ತನೆಯ ಒಂದು ಭಾಗದವರೆಗೆ ಅದರ ಗಾತ್ರ. ಜೇಡಿಯ ಕಣವಾದರೋ ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕದು. ದೊಡ್ಡ ಕಣಗಳ ನಡುವೆ ದೊಡ್ಡ ಸಂದುಗಳಿರುವುದರಿಂದ ನೀರು ಬೇಗ ಇಳಿದುಹೋಗಿ ಬೇರಿಗೆ ಗಾಳಿ ಸಿಗುತ್ತದೆ. ನೀರಿನೊಡನೆ ಸತ್ತ್ವವೂ ಇಳಿದುಹೋಗುವುದು ಮರಳಿನ ದೋಷ. ಜೇಡಿಯು ನೀರನ್ನೂ ಸತ್ತ್ವವನ್ನೂ ಹಿಡಿದಿಡುತ್ತದೆ, ಆದರೆ ಬೇರಿನ ಉಸಿರು ಕಟ್ಟಿಸುತ್ತದೆ.

ಗೈಲಾರ್ಡಿಯಕ್ಕೆ ಮರಳಿನ ದೋಷ ದೋಷವಲ್ಲ, ಅದರ ಗುಣ ಮಾತ್ರ ಅತ್ಯಗತ್ಯ. ಈ ಗಿಡದ ಎಲೆ ಕಾಂಡಗಳ ಮೇಲೆ ಸಣ್ಣ ರೋಮಗಳಿದ್ದು ಒಣಗಾಳಿ ನೀರನ್ನು ಹೀರಿಕೊಳ್ಳುವುದನ್ನು ತಡೆಯುತ್ತವೆ. ಹಲವು ವರ್ಷ ಬಾಳುವ ಅರಿಸ್ಟೇಟವು ಆಳದ ಬೇರಿನಿಂದ ಬರವನ್ನು ತಾಳುತ್ತದೆ. ಒಂದು ವರ್ಷದ ಪಲ್ಚೆಲ್ಲವು ಬರ ಬಲಿಯುವ ಮೊದಲೇ ಹೂಬಿಟ್ಟು, ಬೀಜ ಚೆಲ್ಲಿ, ಬೀಜದ ರೂಪದಲ್ಲಿ ಬರವನ್ನು ಕಳೆಯುತ್ತದೆ. ಕೊಬ್ಬಿದ ಮಣ್ಣಿನಲ್ಲಿ ಎತ್ತರದ ಹುಲ್ಲಿನೊಡನೆ ಪೈಪೋಟಿ ನಡೆಸುವ ಶಕ್ತಿ ಇದಕ್ಕಿಲ್ಲ. ಬೇರೆ ಗಿಡಗಳು ಒಲ್ಲದ ಬರಿನೆಲವೇ ಇದರ ಆಸ್ತಿ. ಹೀಗಿರುವಾಗ ಇದಕ್ಕೆ ಸಾರಜನಕದ ಗೊಬ್ಬರವನ್ನು ಹೇರಳವಾಗಿ ಹಾಕಿದರೆ ಸೊಪ್ಪು ಸೊಂಪಾಗಿ, ಹೂ ವಿರಳವಾಗಿ, ಕಾಂಡ ಮೃದುವಾಗಿ ಗಿಡ ಮಗುಚಿ ಬೀಳುತ್ತದೆ. ಯೋಗ್ಯತೆಗೆ ಮೀರಿ ಸಾಲ ಸಿಕ್ಕ ವ್ಯಾಪಾರಿಯ ಸ್ಥಿತಿಯೂ ಇದೇ ಅಲ್ಲವೆ?

ಮಣ್ಣಿನ ಪರೀಕ್ಷೆ

ತಮ್ಮ ಮಣ್ಣು ಎಂಥದೆಂದು ತಿಳಿಯಲು ಪ್ರಯೋಗಶಾಲೆ ಬೇಡ. ಗಾಜಿನ ಬಾಟಲಿಯೊಂದರಲ್ಲಿ ಮೂರನೆಯ ಒಂದು ಭಾಗ ಮಣ್ಣನ್ನು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದಕ್ಕಿಂತ ನಯವಾದ ಗೋಡು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಜೇಡಿ ತಂಗಲು ಒಂದು ದಿನ ಅಥವಾ ಹೆಚ್ಚು ಕಾಲ ಬೇಕು. ಮೂರು ಪದರಗಳ ದಪ್ಪವನ್ನು ನೋಡಿದರೆ ಮಣ್ಣಿನ ಜಮಾಖರ್ಚು ತಾನಾಗಿ ತಿಳಿಯುತ್ತದೆ. ಇನ್ನೂ ಸುಲಭವಾದುದು ಅಂಗೈ ಪರೀಕ್ಷೆ. ತೇವದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆ ನಿಲ್ಲದೆ ಉದುರಿದರೆ ಅದು ಮರಳು ಮಣ್ಣು; ಹೊಸೆದಾಗ ಬತ್ತಿಯಂತೆ ನೀಳವಾದರೆ ಜೇಡಿ ಮಣ್ಣು.

ಚೆನ್ನೈಯ ಕಡಲ ಮಗ್ಗುಲಿನ ಬಡಾವಣೆಗಳಲ್ಲಿರುವವರಿಗೆ ಮರಳು ನೆಲ ಸಹಜವಾಗಿಯೇ ದೊರೆತಿದೆ. ಬಿತ್ತುವ ಮುನ್ನ ಒಂದಂಗುಲ ದಪ್ಪ ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರವನ್ನು ಹರಡಿ ಮೇಲ್ಮಣ್ಣಿಗೆ ಬೆರೆಸಿದರೆ ಸಾಕು. ಹೈದರಾಬಾದಿನ ಕೆಂಪು ಮರಳು ಮಣ್ಣೂ ಒಗ್ಗುತ್ತದೆ. ಪುಣೆಯ ಕಪ್ಪು ಎರೆಮಣ್ಣು ಮಾತ್ರ ಈ ಗಿಡಕ್ಕೆ ಶತ್ರು. ಎರೆಗೆ ಒಂದೆರಡು ಬುಟ್ಟಿ ಮರಳು ಸುರಿದರೆ ಅದು ಸಡಿಲವಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುವ ಸಂಭವವಿದೆ. ಅಂಥ ಕಡೆ ನೆಲದ ಮೇಲೆ ಎಂಟು ಹತ್ತು ಅಂಗುಲ ಎತ್ತರದ ಏರುಮಡಿ ಕಟ್ಟುವುದು ಅಥವಾ ಕುಂಡದಲ್ಲಿ ಬೆಳೆಸುವುದು ಲೇಸು. ಕುಂಡಕ್ಕೆ ಎರಡು ಪಾಲು ತೋಟದ ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಗೊಬ್ಬರ ಸೇರಿಸಬಹುದು. ಸಮುದ್ರದ ಮರಳಿನಲ್ಲಿ ಉಪ್ಪಿರುವುದರಿಂದ ಅದನ್ನು ತಂದು ಕುಂಡಕ್ಕೆ ತುಂಬಬಾರದು.

ಬೆಳೆಸುವ ಕ್ರಮ

1. ಸ್ಥಳ: ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ನೆರಳಿನ ಬಾಲ್ಕನಿಯಲ್ಲಿ ಇದನ್ನು ಬೆಳೆಸುವ ಪ್ರಯತ್ನ ವ್ಯರ್ಥ.

2. ಕಾಲ: ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಬಿತ್ತಬಹುದು. ಚೆನ್ನೈಗೆ ಹಿಂಗಾರು ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೀಳುವುದರಿಂದ ಡಿಸೆಂಬರ್ ಕೊನೆ ಅಥವಾ ಜನವರಿ ಸರಿಯಾದ ಕಾಲ. ದೆಹಲಿಯಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದರೆ ವಸಂತಕ್ಕೆ, ಫೆಬ್ರವರಿ-ಮಾರ್ಚಿನಲ್ಲಿ ಬಿತ್ತಿದರೆ ಬೇಸಗೆಗೆ ಹೂ ದೊರೆಯುತ್ತದೆ.

3. ಬಿತ್ತನೆ: ಅಗಲವಾದ ತಟ್ಟೆ ಕುಂಡದಲ್ಲಿ ಬೀಜವನ್ನು ತೆಳುವಾಗಿ ಉದುರಿಸಿ, ಅಂಗೈಯಿಂದ ಮೆಲ್ಲನೆ ಒತ್ತಬೇಕು. ಬೀಜಕ್ಕೆ ಮಣ್ಣು ತಾಗಬೇಕೇ ಹೊರತು ಬೀಜ ಹೂತುಹೋಗಬಾರದು. ಮೇಲೆ ಜರಡಿ ಹಿಡಿದ ಮರಳನ್ನು ಬೀಜ ಮರೆಯಾಗುವಷ್ಟು ಮಾತ್ರ ಚಿಮುಕಿಸಿದರೆ ಸಾಕು. ಮೊಳೆಯುವವರೆಗೆ ತೇವ ಆರಬಾರದು. ಒಂದರಿಂದ ಎರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ.

4. ನಾಟಿ: ನಾಲ್ಕೈದು ವಾರಗಳ ಸಸಿಗಳನ್ನು ಸಂಜೆಯ ಹೊತ್ತು, ಒಂದೊಂದರ ನಡುವೆ ಒಂದರಿಂದ ಒಂದೂವರೆ ಅಡಿ ಅಂತರ ಬಿಟ್ಟು ನೆಡಬೇಕು. ಕುಂಡವಾದರೆ ಹತ್ತು ಹನ್ನೆರಡು ಅಂಗುಲದ ಕುಂಡಕ್ಕೆ ಒಂದೇ ಸಸಿ. ಬುಡವನ್ನು ಮಣ್ಣಿನಲ್ಲಿ ಆಳವಾಗಿ ಹೂಳಬಾರದು. ಕೊಳೆರೋಗ ಹಿಡಿಯುವುದು ಅಲ್ಲಿಂದಲೇ.

5. ನೀರು: ನೆಟ್ಟ ಮೊದಲ ಎರಡು ಮೂರು ವಾರ ಕ್ರಮವಾಗಿ ನೀರು ಬೇಕು. ಬೇರೂರಿದ ಮೇಲೆ ಬೆರಳನ್ನು ಎರಡಂಗುಲ ಆಳಕ್ಕೆ ಚುಚ್ಚಿ ನೋಡಬೇಕು. ಒಣಗಿದ್ದರೆ ತಳದಿಂದ ಹೊರಬರುವಷ್ಟು ನೀರು ಹಾಕಬೇಕು. ತೇವವಿದ್ದರೆ ಕೈ ಹಿಂತೆಗೆಯಬೇಕು. ದಿನವೂ ಗುಟುಕು ಗುಟುಕು ಹಾಕುವುದಕ್ಕಿಂತ ಎಡೆಬಿಟ್ಟು ತುಂಬ ಹಾಕುವುದು ಮೇಲು. ಆಗ ಬೇರು ನೀರನ್ನರಸಿ ಕೆಳಗಿಳಿಯುತ್ತದೆ. ಕುಂಡದ ಗಿಡಕ್ಕೆ ಪ್ರೇರಿಯ ಆಳವಿಲ್ಲವಾದ್ದರಿಂದ ಬೇಸಗೆಯಲ್ಲಿ ಅದನ್ನು ಪೂರ್ತಿ ಮರೆಯುವಂತೆಯೂ ಇಲ್ಲ.

6. ಆರೈಕೆ: ಗಿಡ ಅರ್ಧ ಅಡಿಯಾದಾಗ ತುದಿಯ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಬಿತ್ತಿದ ಮೂರರಿಂದ ನಾಲ್ಕು ತಿಂಗಳಲ್ಲಿ ಹೂ ಆರಂಭ. ಬಾಡಿದ ಹೂಗಳನ್ನು ತೆಗೆಯುತ್ತಿದ್ದರೆ ವಾರಗಟ್ಟಲೆ ಹೊಸ ಹೂ ಬರುತ್ತಿರುತ್ತದೆ. ಗಾಳಿ ಆಡದ ಮೂಲೆಯಲ್ಲಿ ಎಲೆಗಳ ಮೇಲೆ ಬೂದಿರೋಗ ಕಾಣಬಹುದು. ಅಂಥ ಎಲೆಗಳನ್ನು ಕಿತ್ತು, ಗಿಡಗಳ ಅಂತರ ಹೆಚ್ಚಿಸಿ, ಎಲೆಯ ಮೇಲೆ ನೀರೆರಚದೆ ಬುಡಕ್ಕೆ ಹಾಕಬೇಕು.

7. ಬೀಜ: ಕೊನೆಯ ಹೂಗಳನ್ನು ಗಿಡದಲ್ಲೇ ಬಿಡಬೇಕು. ಎಸಳು ಉದುರಿ, ದುಂಡುತಲೆ ಕಂದಿ, ಬೆರಳಿನಿಂದ ಉಜ್ಜಿದಾಗ ಬಿರಿದರೆ ಬೀಜ ಪಕ್ವವಾಯಿತೆಂದು ತಿಳಿಯಬೇಕು. ನೆರಳಿನಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ತಾರೀಖು ಬರೆದು ಇಡಬೇಕು. ಮಿಶ್ರತಳಿಯ ಬೀಜದಿಂದ ಹುಟ್ಟಿದ ಗಿಡ ತಾಯಿಯನ್ನೇ ಹೋಲುವುದೆಂಬ ಭರವಸೆಯಿಲ್ಲ.

ಆರೋಗ್ಯದ ದೃಷ್ಟಿಯಿಂದ

ಗೈಲಾರ್ಡಿಯವು ಸೇವಂತಿಗೆಯ ಕುಟುಂಬಕ್ಕೆ ಸೇರಿದುದು. ಈ ಕುಟುಂಬದ ಅನೇಕ ಗಿಡಗಳಲ್ಲಿ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ರಾಸಾಯನಿಕಗಳಿರುತ್ತವೆ. ಕೆಲವರ ಚರ್ಮಕ್ಕೆ ಅವು ತಾಗಿದರೆ ತುರಿಕೆ, ಕೆಂಪು ದದ್ದು, ನೀರುಗುಳ್ಳೆ ಉಂಟಾಗುವುದುಂಟು. ಇದೇ ಕುಟುಂಬದ, ಅಮೆರಿಕ ಖಂಡದಿಂದಲೇ ಬಂದ ಇನ್ನೊಂದು ಗಿಡವನ್ನು ಕನ್ನಡಿಗರೆಲ್ಲ ಬಲ್ಲರು. ಅದು ಪಾರ್ಥೇನಿಯಂ, ಅರ್ಥಾತ್ ಕಾಂಗ್ರೆಸ್ ಹುಲ್ಲು. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಂಡುಬಂದ ಈ ಕಳೆ ದೇಶವನ್ನೇ ಆವರಿಸಿ, ಅಸಂಖ್ಯ ಜನರಿಗೆ ಚರ್ಮದ ಅಲರ್ಜಿಯನ್ನು ತಂದಿದೆ. ಇದರ ಹತೋಟಿಗಾಗಿ ಮೆಕ್ಸಿಕೊ ಮೂಲದ ಜೀರುಂಡೆಯೊಂದನ್ನು 1984ರಲ್ಲಿ ಬೆಂಗಳೂರಿನ ಪರಿಸರದಲ್ಲಿ ಬಿಡಬೇಕಾಯಿತು. ಪಾರ್ಥೇನಿಯಂ ಅಲರ್ಜಿಯಿರುವವರಿಗೆ ಸೇವಂತಿಗೆಯಂಥ ಸಂಬಂಧಿ ಗಿಡಗಳೂ ಒಗ್ಗದಿರಬಹುದು. ಅಂಥವರು ಗೈಲಾರ್ಡಿಯವನ್ನು ಬರಿಗೈಯಿಂದ ಮುಟ್ಟಬಾರದು. ಮನೆಯಲ್ಲಿ ಬೆಳೆಸದಿರುವುದೇ ಕ್ಷೇಮ. ಉಳಿದವರೂ ಕೈಗವಸು ಧರಿಸಿ, ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆಯಬೇಕು. ದದ್ದು ಕಾಣಿಸಿದರೆ ಮನೆಮದ್ದಿಗೆ ಕೈ ಹಾಕದೆ ಚರ್ಮರೋಗ ತಜ್ಞರನ್ನು ಕಾಣಬೇಕು. ಇದು ನೋಡುವ ಹೂವು. ಕಷಾಯಕ್ಕಾಗಲಿ ಅಡುಗೆಗಾಗಲಿ ಬಳಸುವಂಥದಲ್ಲ.

ಎರಡನೆಯ ವಿಷಯ ಸೊಳ್ಳೆ. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಚರಂಡಿಯನ್ನರಸಿ ಹೋಗುವುದಕ್ಕಿಂತ ಮನೆಯೊಳಗಿನ ತಿಳಿನೀರನ್ನೇ ಹೆಚ್ಚು ಮೆಚ್ಚುತ್ತದೆ. ಹೂಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಅದಕ್ಕೆ ಸಾಕು; ಮೊಟ್ಟೆಯು ಸೊಳ್ಳೆಯಾಗಲು ವಾರ ಹತ್ತು ದಿನ ಹಿಡಿಯುತ್ತದೆ. ಒಣನೆಲದ ಗಿಡಕ್ಕೆ ತಟ್ಟೆಯ ನೀರು ಬೇಕಿಲ್ಲ, ಅದರಿಂದ ಬೇರಿಗೆ ಹಾನಿಯೇ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲಿಟ್ಟರೆ ಗಿಡವೂ ಉಳಿಯುತ್ತದೆ, ಮನೆಯವರ ಆರೋಗ್ಯವೂ ಉಳಿಯುತ್ತದೆ. ತಟ್ಟೆ ಇಡಲೇಬೇಕಾದವರು ವಾರಕ್ಕೊಮ್ಮೆಯಾದರೂ ಅದನ್ನು ಬರಿದುಮಾಡಿ ತಿಕ್ಕಿ ಒಣಗಿಸಬೇಕು.

ಒಂದು ಎಚ್ಚರಿಕೆ

ಟೆಕ್ಸಾಸಿನವರು ಈ ಬೀಜವನ್ನು ಬಯಲಿಗೆ ಬಿತ್ತುವುದು ತವರಿನ ಮಗಳನ್ನು ತವರಿಗೆ ಕರೆತಂದಂತೆ. ನಮ್ಮಲ್ಲಿ ಇದು ಅತಿಥಿ. ಕುಂಡದಲ್ಲಿ, ಪಾತಿಯಲ್ಲಿ ಇದಕ್ಕೆ ಸ್ವಾಗತವಿರಲಿ. ಆದರೆ ಊರಿಗೆ ಹೋದಾಗ ಅಂದವೆಂದು ಬೀಜವನ್ನು ಗುಡ್ಡ ಗೋಮಾಳಗಳಲ್ಲಿ ಎರಚುವುದು ಸಲ್ಲದು. ದಖ್ಖನಿನ ಹುಲ್ಲುಬಯಲುಗಳಿಗೆ ತಮ್ಮದೇ ಹುಲ್ಲು, ತಮ್ಮದೇ ಹೂವುಗಳಿವೆ. ಕೃಷ್ಣಮೃಗಗಳಿಗೆ ಆಶ್ರಯವಾದ ರಾಣೆಬೆನ್ನೂರಿನ ಬಯಲು, 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ ಇದಕ್ಕೆ ಸಾಕ್ಷಿ. ಪಾಳುಭೂಮಿಯೆಂದು ಹಗುರವಾಗಿ ಕರೆಯಲಾಗುವ ಅನೇಕ ಬಯಲುಗಳು ನಿಜವಾಗಿ ಬೇರಿನ ಠೇವಣಿಯನ್ನು ಹೊತ್ತ ನೆಲಗಳು. ಅವುಗಳನ್ನು ಕಳೆದುಕೊಂಡ ಮೇಲೆ ಲೆಕ್ಕ ಹಾಕುವುದರಲ್ಲಿ ಫಲವಿಲ್ಲವೆಂಬುದನ್ನು ಪ್ರೇರಿಯ ಕಥೆ ಹೇಳುತ್ತದೆ.

ಗೈಲಾರ್ಡಿಯದಿಂದ ಕಲಿಯಬಹುದಾದುದು ಇಷ್ಟು: ನೆಲ ಎಂಥದೆಂದು ಮೊದಲು ತಿಳಿಯಬೇಕು, ಆ ನೆಲ ಬಯಸುವ ಗಿಡವನ್ನು ಆರಿಸಬೇಕು, ಆಮೇಲೆ ಗಿಡಕ್ಕೆ ಬೇಕಾದಷ್ಟನ್ನೇ ಕೊಡಬೇಕು, ನಮಗೆ ಕೊಡಬೇಕೆನಿಸಿದಷ್ಟನ್ನಲ್ಲ. ಈ ಮೂರು ಸೂತ್ರಗಳನ್ನು ಪಾಲಿಸುವವರು ಬರುವ ಸೆಪ್ಟೆಂಬರಿನಲ್ಲಿ ಒಂದು ಚಿಟಿಕೆ ಬೀಜ, ಒಂದು ಕುಂಡ ಮರಳು ಮಣ್ಣು ಸಿದ್ಧಪಡಿಸಿಕೊಂಡರೆ, ಸಂಕ್ರಾಂತಿಯಿಂದಾಚೆಗೆ ದೇವರ ಮುಂದಿನ ತಟ್ಟೆಗೆ ಮನೆಯದೇ ಹೂವು ದೊರೆಯುವುದರಲ್ಲಿ ಸಂದೇಹವಿಲ್ಲ.